ಜವುಗಿನ ದೊಡ್ಡ ಬಕ್: ವಿಸ್ಕಾನ್ಸಿನ್‌ನ ಜೊಂಡಿನಲ್ಲಿ ಜಾಡು ಹುಡುಕಿ ಬೇಟೆಯಾಡುವ ಬಗೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಜಿಂಕೆ ಬೇಟೆ ಅಂದರೆ ಹೆಚ್ಚಿನವರು ಹೋಗುವುದು ಓಕ್ ಮರದ ಕಾಡಿಗೆ, ಇಲ್ಲವೇ ಮೆಕ್ಕೆಜೋಳದ ಹೊಲದ ಅಂಚಿಗೆ. ನವೆಂಬರ್ ಬಂತೆಂದರೆ ಅಲ್ಲಿ ಮರಕ್ಕೊಬ್ಬರು ಕೂತಿರುತ್ತಾರೆ. ನಾಲ್ಕೈದು ವರ್ಷ ಬದುಕಿ ಉಳಿದ ಗಂಡು ಜಿಂಕೆಗೆ, ಅಂದರೆ ಬಕ್‌ಗೆ, ಇದು ಚೆನ್ನಾಗಿ ಗೊತ್ತು. ಅದು ಮನುಷ್ಯರು ಕಾಲಿಡಲು ಹಿಂಜರಿಯುವ ಜಾಗ ನೋಡಿಕೊಳ್ಳುತ್ತದೆ. ಆಳೆತ್ತರದ ಕ್ಯಾಟ್‌ಟೇಲ್ ಜೊಂಡು, ಮೊಣಕಾಲುದ್ದ ಕೆಸರು, ಅಲ್ಲೊಂದು ಇಲ್ಲೊಂದು ವಿಲೋ ಪೊದೆ ಇರುವ ಜವುಗು ಅದಕ್ಕೆ ಹೇಳಿ ಮಾಡಿಸಿದ ಜಾಗ.

ಅಲ್ಲಿಗೆ ಹೋಗಲು ಮನಸ್ಸಿರುವವರಿಗಾಗಿ ಇದನ್ನು ಬರೆದಿದ್ದೇನೆ. ನನ್ನ ಮಾತಿನ ತಿರುಳು ಇಷ್ಟೇ. ಜವುಗಿನಲ್ಲಿ ಮೊದಲು ಒಣ ನೆಲ ಹುಡುಕಿ. ಸುತ್ತಲಿನ ನೀರಿಗಿಂತ ಒಂದು ಗೇಣು ಎತ್ತರ ಇದ್ದರೂ ಸಾಕು, ದೊಡ್ಡ ಬಕ್ ಮಲಗುವುದು ಅಲ್ಲೇ. ಯಾವ ಗಾಳಿ ಬೀಸಿದಾಗ ಅದು ಅಲ್ಲಿ ಮಲಗುತ್ತದೆ, ಸಂಜೆ ಎದ್ದು ಯಾವ ಕಡೆ ಹೊರಡುತ್ತದೆ ಅನ್ನುವುದು ತಿಳಿದರೆ ಮುಕ್ಕಾಲು ಕೆಲಸ ಮುಗಿದಂತೆ. ಉಳಿದದ್ದು ಸರಿಯಾದ ದಿನಕ್ಕೆ ಕಾಯುವ ತಾಳ್ಮೆ.

ಮೊದಲು ಕಾನೂನು

ಇದು ಅಮೆರಿಕದ ಮಾತು, ಅಲ್ಲಿನ ವೈಟ್‌ಟೇಲ್ ಜಿಂಕೆಯ ಮಾತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಚುಕ್ಕೆ ಜಿಂಕೆ, ಕಡವೆ, ಬಾರಸಿಂಗ ಯಾವುದನ್ನೂ ಬೇಟೆಯಾಡುವಂತಿಲ್ಲ. ಕೊಡಗು, ಮಲೆನಾಡಿನಲ್ಲಿ ಅಜ್ಜಂದಿರು ಬೇಟೆಗೆ ಹೊಂಚುಹಾಕಿ ಮರಸು ಕೂರುತ್ತಿದ್ದ ಕಥೆ ಕೇಳಿ ಬೆಳೆದವರು ನಮ್ಮಲ್ಲಿ ಬಹಳ ಜನ. ಆ ಕಾಲ ಮುಗಿಯಿತು, ಮುಗಿದದ್ದು ಒಳ್ಳೆಯದೇ ಆಯಿತು. ನಮ್ಮ ಕಾಡಿನಲ್ಲಿ ಜಿಂಕೆ ಉಳಿಯಬೇಕಾದ್ದು ಹುಲಿಗೆ, ಸೀಳುನಾಯಿಗೆ.

ವಿಸ್ಕಾನ್ಸಿನ್ ಸ್ಥಿತಿ ಬೇರೆ. ರಾಜ್ಯದ ಹೆಚ್ಚಿನ ಭಾಗದಲ್ಲಿ ಜಿಂಕೆಯ ಸಂಖ್ಯೆಯನ್ನು ಹಿಡಿತದಲ್ಲಿಡುವಷ್ಟು ದೊಡ್ಡ ಮಾಂಸಾಹಾರಿ ಪ್ರಾಣಿಗಳಿಲ್ಲ. ಹೊಲದಲ್ಲಿ ಮೇವು ಬೇಕಾದಷ್ಟಿದೆ. ಹಾಗಾಗಿ ಅಲ್ಲಿ ಬೇಟೆಯೇ ಸಂಖ್ಯೆಯನ್ನು ಹದದಲ್ಲಿಡುವ ದಾರಿ. ಲೈಸೆನ್ಸ್ ಹಣ ವನ್ಯಜೀವಿ ಇಲಾಖೆಗೆ ಹೋಗುತ್ತದೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಂತೆ ಬೇಟೆ ಕೋವಿ ಮತ್ತು ಮದ್ದುಗುಂಡಿನ ಮೇಲಿನ ಶೇ. 11ರ ತೆರಿಗೆಯೂ ರಾಜ್ಯಗಳ ವನ್ಯಜೀವಿ ಕೆಲಸಕ್ಕೇ ಸಲ್ಲುತ್ತದೆ. ನೀವು ಕಾಲಿಡುವ ಎಷ್ಟೋ ಜವುಗುಗಳು ಇಂಥ ಹಣದಿಂದಲೇ ಉಳಿದಿವೆ.

1973ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ವಿಸ್ಕಾನ್ಸಿನ್‌ನಲ್ಲಿ ಲೈಸೆನ್ಸ್ ಪಡೆಯಲು ಬೇಟೆ ಸುರಕ್ಷತೆಯ ತರಬೇತಿ ಮುಗಿಸಿರಬೇಕು. ಬಿಲ್ಲು ಮತ್ತು ಕ್ರಾಸ್‌ಬೋ ಸೀಸನ್ ಸೆಪ್ಟೆಂಬರ್ ಮಧ್ಯದಲ್ಲಿ ಶುರುವಾಗುತ್ತದೆ. ಒಂಬತ್ತು ದಿನಗಳ ಕೋವಿ ಸೀಸನ್ ಶುರುವಾಗುವುದು ಥ್ಯಾಂಕ್ಸ್‌ಗಿವಿಂಗ್ ಹಬ್ಬದ (ನವೆಂಬರ್‌ನ ನಾಲ್ಕನೇ ಗುರುವಾರ) ಹಿಂದಿನ ಶನಿವಾರ. ಕೋವಿ ಸೀಸನ್‌ನಲ್ಲಿ ಸೊಂಟದ ಮೇಲಿನ ಹೊರಬಟ್ಟೆಯಲ್ಲಿ ಅರ್ಧದಷ್ಟಾದರೂ ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ಇರಲೇಬೇಕು, ಬಿಲ್ಲು ಹಿಡಿದವರಿಗೂ. ಜಿಂಕೆಯ ಕಣ್ಣಿಗೆ ಕಿತ್ತಳೆ ಮಂಕಾಗಿ ಕಾಣುತ್ತದೆ, ಆದ್ದರಿಂದ ಬೇಟೆ ಕೆಡುತ್ತದೆ ಅನ್ನುವ ಚಿಂತೆ ಬೇಡ.

ಎಚ್-1ಬಿ, ಎಫ್-1 ಮುಂತಾದ ವೀಸಾದಲ್ಲಿರುವ ಕನ್ನಡಿಗರು ಇದನ್ನು ಎರಡು ಸಲ ಓದಿ. ಇಂಥ ವೀಸಾದವರು ಕೋವಿಯನ್ನಾಗಲಿ ಮದ್ದುಗುಂಡನ್ನಾಗಲಿ ಇಟ್ಟುಕೊಳ್ಳುವುದು ಅಮೆರಿಕದ ಫೆಡರಲ್ ಕಾನೂನಿನಲ್ಲಿ ಅಪರಾಧ. ಇದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ಒಂದು, ಕೈಯಲ್ಲಿ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇರುವುದು. ಲೈಸೆನ್ಸ್ ಅವಧಿ ಮುಗಿದರೆ ವಿನಾಯಿತಿಯೂ ಮುಗಿಯಿತು. ವೀಸಾಕ್ಕೇ ಕುತ್ತು ತರುವ ವಿಷಯ ಇದು, ವಕೀಲರನ್ನು ಕೇಳದೆ ಕೋವಿ ಮುಟ್ಟಬೇಡಿ. ಬಿಲ್ಲು ಬಾಣಕ್ಕೆ ಈ ನಿಯಮ ಅನ್ವಯಿಸುವುದಿಲ್ಲ. ಹೊಸಬರು ಬಿಲ್ಲಿನಿಂದ ಶುರುಮಾಡಲಿ ಎಂದು ನಾನು ಹೇಳುವುದಕ್ಕೆ ಅದೂ ಒಂದು ಕಾರಣ. ಇನ್ನೊಂದು ಕಾರಣ, ಬಿಲ್ಲು ಹಿಡಿದವರಿಗೆ ಜವುಗಿನಲ್ಲಿ ಸಿಗುವ ಸಮಯ ತಿಂಗಳುಗಟ್ಟಲೆ.

ಹಂತ 1: ನಕ್ಷೆಯಲ್ಲಿ ಒಣ ನೆಲ

ಸಾರ್ವಜನಿಕ ಜವುಗುಗಳಿಗೆ ಕೊರತೆ ಇಲ್ಲ. ಹೊರಿಕಾನ್ ಜವುಗು ಒಂದೇ ಸುಮಾರು 33,000 ಎಕರೆ. ಉತ್ತರದ ಮೂರನೇ ಎರಡು ಭಾಗ ಕೇಂದ್ರದ ವನ್ಯಜೀವಿ ಆಶ್ರಯ, ದಕ್ಷಿಣ ಭಾಗ ರಾಜ್ಯದ್ದು. ಎರಡಕ್ಕೂ ಬೇರೆ ಬೇರೆ ನಿಯಮ. ಮೀಡ್, ಕ್ರೆಕ್ಸ್ ಮೆಡೋಸ್ ಕೂಡ ದೊಡ್ಡವೇ. ಆದರೆ ಹೆಸರಿರುವ ಜವುಗಿಗೇ ಹೋಗಬೇಕೆಂದಿಲ್ಲ. ನೂರಿನ್ನೂರು ಎಕರೆಯ, ಯಾರೂ ತಿರುಗಿ ನೋಡದ ಜೊಂಡಿನ ಪಟ್ಟಿಯಲ್ಲೂ ದೊಡ್ಡ ಬಕ್ ಇರುತ್ತದೆ.

ಆನ್‌ಎಕ್ಸ್ ಅಥವಾ ಹಂಟ್‌ಸ್ಟ್ಯಾಂಡ್ ಆ್ಯಪ್‌ನಲ್ಲಿ ಗಡಿ ನೋಡಿಕೊಳ್ಳಿ. ಖಾಸಗಿ ಜಮೀನಿಗೆ ತಪ್ಪಿ ಕಾಲಿಟ್ಟರೂ ಅತಿಕ್ರಮಣವೇ. ಆಮೇಲೆ ಗೂಗಲ್ ಅರ್ಥ್ ತೆರೆದು ಹಳೆಯ ವರ್ಷಗಳ ಚಿತ್ರಗಳನ್ನು ಒಂದೊಂದಾಗಿ ನೋಡಿ. ಮರಗಳು ಎಲೆ ಉದುರಿಸಿದ ವಸಂತದ ಶುರುವಿನ ಚಿತ್ರಗಳು ಎಲ್ಲಕ್ಕಿಂತ ಚೆನ್ನ. 2012ರಲ್ಲಿ ಮಿಡ್‌ವೆಸ್ಟ್‌ಗೆ ದೊಡ್ಡ ಬರ ಬಂದಿತ್ತು, ಆ ವರ್ಷದ ಚಿತ್ರ ಸಿಕ್ಕರೆ ಬಿಡಬೇಡಿ. ಜೊಂಡಿನೊಳಗಿನ ಜಾಡುಗಳು ಅದರಲ್ಲಿ ಗೆರೆ ಎಳೆದಂತೆ ಕಾಣುತ್ತವೆ.

ಹತ್ತು ಅಡಿ ಎತ್ತರಕ್ಕೊಂದು ಗೆರೆ ಇರುವ ಟೋಪೋ ನಕ್ಷೆಯಿಂದ ಜವುಗಿನಲ್ಲಿ ಪ್ರಯೋಜನವಿಲ್ಲ, ಎಲ್ಲ ಸಪಾಟಾಗಿಯೇ ಕಾಣುತ್ತದೆ. ಲೇಸರ್‌ನಿಂದ ನೆಲದ ಎತ್ತರ ಅಳೆದ ಲೈಡಾರ್ ಪದರ ಹಾಕಿಕೊಂಡರೆ ಎರಡಡಿ ಎತ್ತರದ ದಿಬ್ಬವೂ ಎದ್ದು ಕಾಣುತ್ತದೆ. ಗುರುತು ಹಾಕಬೇಕಾದವು ಇವು: ಜೊಂಡಿನ ನಡುವೆ ಮರವಿರುವ ದಿಬ್ಬಗಳು. ಒಂಟಿ ಮರಗಳು, ಯಾಕೆಂದರೆ ಬೇರಿಗೆ ಒಂದಿಷ್ಟು ಒಣ ನೆಲ ಇಲ್ಲದೆ ಮರ ಬೆಳೆದಿರುವುದಿಲ್ಲ. ಗಟ್ಟಿ ನೆಲ ಜವುಗಿನೊಳಕ್ಕೆ ಮೂಗಿನಂತೆ ಚಾಚಿದ ತುದಿಗಳು. ಜೊಂಡು ಮುಗಿದು ವಿಲೋ, ಡಾಗ್‌ವುಡ್ ಪೊದೆ ಶುರುವಾಗುವ ಗೆರೆ. ಬೀವರ್ ಎಂಬ ಪ್ರಾಣಿ ನೀರಿಗೆ ಅಡ್ಡ ಕಟ್ಟಿದ ಒಡ್ಡುಗಳು.

ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ, ಹಳೆಯ ಕಾಲುವೆಗಳ ಏರಿ. 20ನೇ ಶತಮಾನದ ಆರಂಭದಲ್ಲಿ ಹೊರಿಕಾನ್ ಜವುಗನ್ನು ಹೊಲ ಮಾಡಲು ಕಾಲುವೆ ತೋಡಿ ನೀರು ಹರಿಸಿಬಿಟ್ಟರು. ಬೇಸಾಯ ಕೈಹತ್ತಲಿಲ್ಲ, ಆಮೇಲೆ ನೀರನ್ನು ಮತ್ತೆ ತುಂಬಿಸಿದರು. ಇಂಥ ಕಡೆ ಅಂದು ತೋಡಿ ಹಾಕಿದ ಮಣ್ಣು ಕಾಲುವೆಯ ಪಕ್ಕದಲ್ಲಿ ಇಂದಿಗೂ ದಿಣ್ಣೆಯಾಗಿ ಉಳಿದಿರುತ್ತದೆ. ಎರಡೂ ಕಡೆ ನೀರು, ನಡುವೆ ಒಣ ಮಣ್ಣು. ಬಕ್‌ಗೆ ಇನ್ನೇನು ಬೇಕು?

ಹಂತ 2: ಮಾರ್ಚ್‌ನಲ್ಲಿ ಒಳಗೆ ಇಳಿಯಿರಿ

ಜಾಡು ಹುಡುಕುವ ಕಾಲ ಹಿಮ ಕರಗಿ ಹೊಸ ಹುಲ್ಲು ಚಿಗುರುವ ಮೊದಲು, ಅಂದರೆ ಮಾರ್ಚ್ ಮತ್ತು ಏಪ್ರಿಲ್ ಶುರು. ಕಳೆದ ಶರತ್ಕಾಲದ ಗುರುತುಗಳೆಲ್ಲ ಹಿಮದ ಕೆಳಗೆ ಉಳಿದು ಹಾಗೇ ಎದ್ದು ಬಂದಿರುತ್ತವೆ. ಆಗ ನೀವು ಬಕ್ ಅನ್ನು ಓಡಿಸಿದರೂ ನಷ್ಟವಿಲ್ಲ, ಸೀಸನ್‌ಗೆ ಇನ್ನೂ ಆರು ತಿಂಗಳಿದೆ. ಹಾಗಾಗಿ ಅದು ಮಲಗುವ ಜಾಗಕ್ಕೇ ಹೋಗಿ, ಅಲ್ಲಿ ಕೂತು ಅದರ ಕಣ್ಣಿನ ಎತ್ತರದಿಂದ ಸುತ್ತ ನೋಡಿ. ಸೆಪ್ಟೆಂಬರ್‌ನಲ್ಲಿ ಇದೇ ಕೆಲಸ ಮಾಡಿದರೆ ಆ ವರ್ಷದ ಬೇಟೆ ಕೆಟ್ಟಂತೆಯೇ.

ಕೆಲವರು ಜನವರಿಯಲ್ಲಿ ಹೆಪ್ಪುಗಟ್ಟಿದ ಜವುಗಿನ ಮೇಲೆ ನಡೆದು ಹೋಗುತ್ತಾರೆ. ಅದೂ ಒಳ್ಳೆಯ ದಾರಿ, ಆದರೆ ಮಂಜುಗಡ್ಡೆಯನ್ನು ನಂಬುವಂತಿಲ್ಲ. ನಡೆಯಲು ನಾಲ್ಕು ಇಂಚು ಗಟ್ಟಿ, ತಿಳಿಯಾದ ಗಡ್ಡೆ ಬೇಕು. ಜೊಂಡು ದಟ್ಟವಾಗಿರುವ ಕಡೆ, ಮಸ್ಕ್‌ರ್‍ಯಾಟ್ ಎಂಬ ನೀರಿಲಿಯ ಗೂಡಿನ ಸುತ್ತ, ಬೀವರ್ ಓಡಾಡುವ ಕಾಲುವೆಯಲ್ಲಿ, ಊಟೆ ಇರುವಲ್ಲಿ ಅದು ತೆಳ್ಳಗಿರುತ್ತದೆ. ಒಂದು ಕೋಲಿನಿಂದ ಬಡಿದು ನೋಡುತ್ತಲೇ ಹೆಜ್ಜೆ ಇಡಿ.

ಕೆಸರಿನಲ್ಲಿ ನಡೆಯುವಾಗ ಸೆಡ್ಜ್ ಹುಲ್ಲಿನ ಗುಡ್ಡೆಗಳ ಮೇಲೆ, ಇಲ್ಲವೇ ಜೊಂಡಿನ ಬುಡದ ಮೇಲೆ ಕಾಲಿಡಿ, ಬೇರು ನಿಮ್ಮ ಭಾರ ತಡೆಯುತ್ತದೆ. ಬರೀ ಕಪ್ಪು ಕೆಸರು ಕಂಡರೆ ಕೋಲು ಚುಚ್ಚಿ ಆಳ ನೋಡಿ. ರಕ್ತ ಹೀರುವ ಉಣ್ಣೆ ಹುಳದ ಕಾಟವೂ ಶುರುವಾಗಿರುತ್ತದೆ. ಹವೆ ಸ್ವಲ್ಪ ಬೆಚ್ಚಗಾದರೆ ಸಾಕು, ಲೈಮ್ ರೋಗ ತರುವ ಉಣ್ಣೆ ಚುರುಕಾಗುತ್ತದೆ. ಬಟ್ಟೆಗೆ ಪರ್ಮೆಥ್ರಿನ್ ಎಂಬ ಕೀಟನಾಶಕ ಹಾಕಿ, ಮನೆಗೆ ಬಂದ ಕೂಡಲೇ ಮೈಯೆಲ್ಲ ನೋಡಿಕೊಳ್ಳಿ. ಟ್ಯಾಮರಾಕ್ ಮರಗಳ ಜವುಗಿನಲ್ಲಿ ಪಾಯ್ಸನ್ ಸುಮಾಕ್ ಎಂಬ ಗಿಡ ಇರುತ್ತದೆ. ಎಲೆ ಉದುರಿದ್ದರೂ ಅದರ ಕಡ್ಡಿ ತಗುಲಿದರೆ ಮೈಮೇಲೆ ಬೊಬ್ಬೆ ಏಳುತ್ತದೆ. ಜೋತುಬಿದ್ದ ಬಿಳಿ ಕಾಯಿಗೊಂಚಲು ಕಂಡರೆ ದೂರ ಇರಿ.

ಹಂತ 3: ಮಲಗುವ ಜಾಗವನ್ನು ಓದುವುದು

ಇಲ್ಲಿ ಅವಸರ ಬೇಡ, ಇಡೀ ಬೇಟೆ ನಿಂತಿರುವುದು ಇದರ ಮೇಲೆ.

ಬಕ್ ಮಲಗಿದ ಜಾಗದಲ್ಲಿ ಒಣ ಜೊಂಡು ಚಾಪೆಯಂತೆ ಒತ್ತಿಹೋಗಿರುತ್ತದೆ. ಮೊಟ್ಟೆಯಾಕಾರ, ಸುಮಾರು ನಾಲ್ಕು ಅಡಿ ಉದ್ದ. ಬಗ್ಗಿ ನೋಡಿದರೆ ಹೊಟ್ಟೆಯ ಬಿಳಿ ಕೂದಲು, ಬೆನ್ನಿನ ಕಂದು ಕೂದಲು ಸಿಗುತ್ತವೆ. ಪಕ್ಕದಲ್ಲಿ ಹಿಕ್ಕೆ ಇರುತ್ತದೆ, ಹಳೆಯದು ಹೊಸದು ಎರಡೂ ಇದ್ದರೆ ಅದು ಪದೇ ಪದೇ ಬರುವ ಜಾಗ. ಎದ್ದು ಹೊರಡುವ ಕಡೆ ಮುಂಗೈ ದಪ್ಪದ ವಿಲೋ ಅಥವಾ ಆಲ್ಡರ್ ಗಿಡದ ಸಿಪ್ಪೆಯನ್ನು ಕೊಂಬಿನಿಂದ ಕೆರೆದಿದ್ದರೆ ಅನುಮಾನವೇ ಇಲ್ಲ, ಬಕ್‌ದೇ. ಒಂದರ ಪಕ್ಕ ಒಂದರಂತೆ ದೊಡ್ಡದು ಚಿಕ್ಕದು ನಾಲ್ಕೈದು ಹಾಸು ಇದ್ದರೆ ಅದು ಹೆಣ್ಣುಗಳು ಮರಿಗಳೊಂದಿಗೆ ಮಲಗುವ ಜಾಗ. ಅದನ್ನೂ ಗುರುತು ಹಾಕಿಟ್ಟುಕೊಳ್ಳಿ, ನವೆಂಬರ್‌ಗೆ ಬೇಕಾಗುತ್ತದೆ.

ಗೊರಸಿನ ಗುರುತಿನಲ್ಲಿ ಜಾಗ್ರತೆ. ಕೆಸರಿನಲ್ಲಿ ಗೊರಸು ಅಗಲವಾಗಿ ಬಿಚ್ಚಿಕೊಳ್ಳುತ್ತದೆ, ಹಿಂದಿನ ಪುಟ್ಟ ಗೊರಸುಗಳೂ ಮೂಡುತ್ತವೆ. ಎರಡು ವರ್ಷದ ಜಿಂಕೆಯದೂ ದೈತ್ಯನದಂತೆ ಕಾಣುತ್ತದೆ. ಅಳೆಯುವುದಾದರೆ ಸ್ವಲ್ಪ ಗಟ್ಟಿ ಮಣ್ಣಿನ ಮೇಲಿನ ಗುರುತನ್ನು ಅಳೆಯಿರಿ. ಎರಡೂವರೆ ಇಂಚಿಗಿಂತ ಅಗಲ ಇದ್ದರೆ ಹಿಂಬಾಲಿಸಲು ಯೋಗ್ಯ. ಹೊಸದೋ ಹಳೆಯದೋ ತಿಳಿಯಬೇಕೆಂದರೆ ಗುರುತಿನೊಳಗೆ ನಿಂತ ನೀರನ್ನು ನೋಡಿ. ಕಲಕಿದಂತಿದ್ದರೆ ಜಿಂಕೆ ಈಗಷ್ಟೇ ಹೋಗಿದೆ. ನೀರು ತಿಳಿಯಾಗಿ, ಕೆಸರು ಅಡಿಯಲ್ಲಿ ಕೂತಿದ್ದರೆ ಹೋಗಿ ಹೊತ್ತಾಗಿದೆ.

ಹಾಸಿನಲ್ಲಿ ಕೂತು ಮೂರು ಪ್ರಶ್ನೆ ಕೇಳಿಕೊಳ್ಳಿ. ಇಲ್ಲಿಂದ ಯಾವ ಕಡೆ ಕಣ್ಣಿಗೆ ಬಯಲು ಕಾಣುತ್ತದೆ? ಬೆನ್ನಿಗೆ ಯಾವುದು ಅಡ್ಡ ಇದೆ? ಹೊರಡುವ ಕಂಡಿ ಎಲ್ಲಿದೆ? ಬಕ್ ಮಲಗುವುದು ಸಾಮಾನ್ಯವಾಗಿ ಗಾಳಿಯನ್ನು ಬೆನ್ನಿಗಿಟ್ಟುಕೊಂಡು. ಹಿಂದಿನಿಂದ ಬರುವ ಅಪಾಯವನ್ನು ಮೂಗು ಹೇಳುತ್ತದೆ, ಮುಂದಿನದನ್ನು ಕಣ್ಣು ಹೇಳುತ್ತದೆ. ದಿಬ್ಬದ ಪೂರ್ವ ತುದಿಯಲ್ಲಿ ಹಾಸು ಇದ್ದು, ಪೂರ್ವಕ್ಕೆ ಬಯಲು ಕಾಣುತ್ತಿದ್ದರೆ ಅದು ಪಶ್ಚಿಮದ ಗಾಳಿಯ ಹಾಸು ಎಂದು ಬರೆದುಕೊಳ್ಳಿ. ಒಂದೇ ದಿಬ್ಬದಲ್ಲಿ ಬೇರೆ ಬೇರೆ ಗಾಳಿಗೆ ಬೇರೆ ಬೇರೆ ಹಾಸು ಇರುವುದು ಸಾಮಾನ್ಯ.

ನೀರಿನ ಮಟ್ಟವನ್ನೂ ಬರೆದುಕೊಳ್ಳಿ, ಇದನ್ನು ಮಾಡುವವರು ಬಹಳ ಕಡಿಮೆ. ರಸ್ತೆಯ ಕೆಳಗಿನ ಮೋರಿಯಲ್ಲಿ ನೀರು ಎಲ್ಲಿಗೆ ಬಂದಿದೆ ಎಂದು ಫೋಟೋ ತೆಗೆದಿಟ್ಟರೆ ಸಾಕು. ಸರ್ಕಾರಿ ಜವುಗುಗಳಲ್ಲಿ ಬಾತುಕೋಳಿಗಳಿಗಾಗಿ ಶರತ್ಕಾಲದಲ್ಲಿ ನೀರು ಏರಿಸುವುದುಂಟು. ಅರ್ಧ ಅಡಿ ಏರಿದರೆ ನೀವು ಕಂಡ ಹಾಸು ಮುಳುಗಿ, ಬಕ್ ಇನ್ನೊಂದು ದಿಬ್ಬಕ್ಕೆ ಹೋಗಿರುತ್ತದೆ. ಅಕ್ಟೋಬರ್‌ನಲ್ಲಿ ಒಳಗೆ ಹೋಗುವ ಮೊದಲು ಮೋರಿ ನೋಡಿದರೆ ಅದು ಗೊತ್ತಾಗುತ್ತದೆ.

ಹಂತ 4: ಬೇಸಿಗೆಯಲ್ಲಿ ದೂರದಿಂದ

ಜುಲೈ ಕೊನೆ, ಆಗಸ್ಟ್ ಸಂಜೆಗಳಲ್ಲಿ ಬಕ್‌ಗಳು ಸೋಯಾ ಹೊಲಕ್ಕೆ ಬರುತ್ತವೆ. ರಸ್ತೆಯಿಂದಲೇ ಬೈನಾಕ್ಯುಲರ್‌ನಲ್ಲಿ ನೋಡಿ, ಜವುಗಿನ ಯಾವ ಮೂಲೆಯಿಂದ ಹೊರಬರುತ್ತವೆ ಎಂದು ಗಮನಿಸಿ. ಕೊಂಬು ದೊಡ್ಡದಿದ್ದರೆ ವಯಸ್ಸಾಗಿದೆ ಎಂದಲ್ಲ, ಮೈಕಟ್ಟು ನೋಡಿ. ಎರಡು ವರ್ಷದ್ದು ಕಾಲು ಉದ್ದ, ಸೊಂಟ ಸಣ್ಣ. ನಾಲ್ಕು ದಾಟಿದ್ದರ ಎದೆ ಇಳಿಬಿದ್ದು, ಬೆನ್ನು ಸ್ವಲ್ಪ ಬಾಗಿ, ಕಾಲು ಗಿಡ್ಡ ಅನ್ನಿಸುತ್ತದೆ. ನವೆಂಬರ್‌ನಲ್ಲಿ ಅದರ ಕುತ್ತಿಗೆ ಊದಿ ಎದೆಗೇ ಸೇರಿಹೋದಂತಿರುತ್ತದೆ.

ಕ್ಯಾಮೆರಾ ಇಡುವುದಾದರೆ ಜವುಗಿನ ಅಂಚಿನ ಕಂಡಿಗಳಲ್ಲಿ ಇಡಿ, ಹಾಸಿನ ಹತ್ತಿರ ಬೇಡ. ಸಾರ್ವಜನಿಕ ಜಾಗದಲ್ಲಿ ಕ್ಯಾಮೆರಾಕ್ಕೂ ನಿಯಮಗಳಿವೆ, ಆ ವರ್ಷದ ಪುಸ್ತಿಕೆ ಓದಿಕೊಳ್ಳಿ.

ಹಂತ 5: ಗಾಳಿ

ಗುಡ್ಡಗಾಡಿನಲ್ಲಿ ಗಾಳಿ ಕಣಿವೆ ಕಣಿವೆಗೆ ಸುಳಿಯುತ್ತದೆ. ಜವುಗು ಸಪಾಟಾಗಿರುವುದರಿಂದ ಅದು ಒಂದೇ ಕಡೆ ನೇರವಾಗಿ ಬೀಸುತ್ತದೆ. ಜವುಗು ಬೇಟೆಗಾರರಿಗೆ ಕೊಡುವ ದೊಡ್ಡ ಅನುಕೂಲ ಇದು. ಗಾಳಿ ನೋಡಲು ಮಿಲ್ಕ್‌ವೀಡ್ ಕಾಯಿಯ ಹತ್ತಿ ಜೇಬಿನಲ್ಲಿರಲಿ. ನಮ್ಮ ಎಕ್ಕದ ಕುಟುಂಬದ್ದೇ ಗಿಡ ಅದು, ಬೀಜಕ್ಕೆ ಎಕ್ಕದಂಥದೇ ರೇಷ್ಮೆ ಎಳೆ. ಒಂದೊಂದೇ ಎಳೆ ಬಿಟ್ಟರೆ ನೂರು ಗಜದವರೆಗೂ ನಿಮ್ಮ ವಾಸನೆ ಹೋಗುವ ದಾರಿ ಕಣ್ಣಿಗೆ ಕಾಣುತ್ತದೆ. ಪುಡಿ ಊದುವ ಬಾಟಲಿಯಲ್ಲಿ ಹತ್ತು ಅಡಿಯಾಚೆಗೆ ಏನೂ ತಿಳಿಯುವುದಿಲ್ಲ.

ಸಂಜೆ ಗಾಳಿ ನಿಂತಾಗ ಆಟ ಬದಲಾಗುತ್ತದೆ. ನೆಲ ಬೇಗ ತಣ್ಣಗಾಗುತ್ತದೆ, ಅಕ್ಟೋಬರ್‌ನ ನೀರಿನಲ್ಲಿ ಹಗಲಿನ ಬಿಸಿ ಉಳಿದಿರುತ್ತದೆ. ತಂಪಾದ ಗಾಳಿ ನೆಲದಿಂದ ನೀರಿನ ಕಡೆ ಜಾರುತ್ತದೆ. ಹಾಗಾಗಿ ತೆರೆದ ನೀರನ್ನು ಬೆನ್ನಿಗಿಟ್ಟು ಕೂತರೆ ಕತ್ತಲಾಗುವ ಹೊತ್ತಿನಲ್ಲೂ ನಿಮ್ಮ ವಾಸನೆ ಜಿಂಕೆ ಬಾರದ ಕಡೆಗೇ ಹೋಗುತ್ತದೆ.

ಒಂದು ಉದಾಹರಣೆ ನೋಡಿ. ಪಶ್ಚಿಮದ ಗಾಳಿ. ದಿಬ್ಬದ ಪೂರ್ವ ತುದಿಯಲ್ಲಿ ಬಕ್ ಮಲಗಿದೆ. ಸಂಜೆ ಎದ್ದು ಉತ್ತರಕ್ಕೆ, ಆಲ್ಡರ್ ಪೊದೆಗಳ ಪಟ್ಟಿ ಹಿಡಿದು ಓಕ್ ಮರಗಳ ಕಡೆ ಹೋಗುತ್ತದೆ. ನೀವು ಕೂರಬೇಕಾದ್ದು ಆ ದಾರಿಯ ಪೂರ್ವಕ್ಕೆ ಇಪ್ಪತ್ತು ಗಜ ದೂರದಲ್ಲಿ, ಬೆನ್ನಿಗೆ ನೀರಿರುವ ಕಡೆ. ಪೂರ್ವದ ಬಯಲನ್ನು ಬಕ್ ನೋಡುತ್ತಿರುತ್ತದೆ, ಆದ್ದರಿಂದ ಆ ಕಡೆಯಿಂದ ನೇರ ಬರಬೇಡಿ. ಈಶಾನ್ಯದಿಂದ ಕಾಲುವೆಯ ಏರಿಯ ಮರೆಯಲ್ಲಿ ಬನ್ನಿ. ನಡೆಯುವಾಗ ತನಗೆ ಅಡ್ಡಗಾಳಿ ಇದೆ ಎಂದು ಬಕ್ ಧೈರ್ಯದಿಂದ ಬರುತ್ತದೆ, ನಿಮ್ಮ ವಾಸನೆ ನೀರಿನ ಮೇಲೆ ಹೋಗುತ್ತಿರುತ್ತದೆ. ಬಕ್‌ಗೂ ನಿಮಗೂ ಇಬ್ಬರಿಗೂ ಒಪ್ಪುವ ಗಾಳಿ ಅದು. ನಿಮಗೆ ಮಾತ್ರ ಅನುಕೂಲವಾದ ಗಾಳಿಯಲ್ಲಿ ಎಷ್ಟು ಕೂತರೂ ಹಗಲಿನಲ್ಲಿ ದೊಡ್ಡ ಬಕ್ ಬರುವುದು ಅಪರೂಪ.

ಹಂತ 6: ಒಳಗೆ ಹೋಗುವುದು

ಸಾಧ್ಯವಾದಲ್ಲೆಲ್ಲ ನೀರಿನ ದಾರಿ ಹಿಡಿಯಿರಿ. ಕನೂ ಅಥವಾ ಕಯಾಕ್‌ನಂಥ ಹಗುರ ದೋಣಿಯಲ್ಲಿ ಹೋದರೆ ನೆಲದ ಮೇಲೆ ವಾಸನೆ ಉಳಿಯುವುದಿಲ್ಲ, ಸದ್ದೂ ಕಡಿಮೆ. ಹೊರಗಿನ ಬೇಟೆಗಾರರೆಲ್ಲ ಪಾರ್ಕಿಂಗ್ ಜಾಗದಿಂದ ನಡೆದು ಬರುತ್ತಾರೆ, ಬಕ್ ಕಿವಿ ನೆಟ್ಟಿರುವುದೂ ಆ ಕಡೆಗೇ. ನಡೆದೇ ಹೋಗಬೇಕಾದರೆ ಗಾಳಿ ಜೋರಾಗಿರುವ ದಿನ ಆರಿಸಿ. ಜೊಂಡಿನ ಸರಸರ ಸದ್ದಿನಲ್ಲಿ ನಿಮ್ಮ ಹೆಜ್ಜೆ ಮುಚ್ಚಿಹೋಗುತ್ತದೆ. ನೀರಿನಲ್ಲಿ ಒಂದೇ ಸಮನೆ ಪಚಪಚ ಎಂದು ನಡೆಯಬೇಡಿ. ನಾಲ್ಕು ಹೆಜ್ಜೆ, ನಿಲ್ಲಿ, ಮತ್ತೆ ಮೂರು ಹೆಜ್ಜೆ. ಜಿಂಕೆ ನಡೆಯುವುದೂ ಹಾಗೇ.

ಲೈಫ್ ಜಾಕೆಟ್ ಹಾಕದೆ ದೋಣಿ ಹತ್ತಬೇಡಿ. ನವೆಂಬರ್‌ನ ನೀರಿಗೆ ಬಿದ್ದರೆ ಈಜು ಬಲ್ಲವರ ಕೈಕಾಲೂ ನಿಮಿಷಗಳಲ್ಲಿ ಮರಗಟ್ಟುತ್ತದೆ. ವೇಡರ್ಸ್ (ಎದೆಯವರೆಗೆ ಬರುವ, ನೀರು ಹೋಗದ ಉಡುಗೆ) ತೊಟ್ಟರೆ ಸೊಂಟದ ಬೆಲ್ಟ್ ಬಿಗಿಯಾಗಿರಲಿ. ಒಣ ಬಟ್ಟೆ, ಬೆಂಕಿಪೊಟ್ಟಣ ನೀರು ಹೋಗದ ಚೀಲದಲ್ಲಿರಲಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಮನೆಯಲ್ಲಿ ಹೇಳಿ ಹೋಗಿ.

ಹಂತ 7: ಮರಸು ಕೂರುವುದು

ಹಾಸಿನಿಂದ ಎಷ್ಟು ದೂರ? ವಯಸ್ಸಾದ ಬಕ್ ಹಗಲು ಇರುವಾಗ ಬಹಳ ದೂರ ನಡೆಯುವುದಿಲ್ಲ. ಎದ್ದು, ಮೈಮುರಿದು, ಅಲ್ಲೇ ಗಿಡ ಕೆರೆದು, ಕತ್ತಲಾಗಲು ಕಾಯುತ್ತದೆ. ಆದ್ದರಿಂದ ಎಂಬತ್ತರಿಂದ ನೂರು ಗಜದೊಳಗೆ ಹೋಗಲೇಬೇಕಾಗುತ್ತದೆ. ಇದೇ ಕಷ್ಟದ ಕೆಲಸ, ಫಲ ಕೊಡುವುದೂ ಇದೇ.

ಒಳ್ಳೆಯ ಮರ ಜವುಗಿನಲ್ಲಿ ವಿರಳ. ಹಗುರವಾದ ಏಣಿಕಡ್ಡಿಗಳು ಮತ್ತು ಮರಕ್ಕೆ ಕಟ್ಟಿಕೊಂಡು ಕೂರುವ ಪಟ್ಟಿಯಾದ ಸ್ಯಾಡಲ್ ಇದ್ದರೆ ವಾರೆಯಾದ ಸಣ್ಣ ಮರದಲ್ಲೂ ಕೂರಬಹುದು. ಹತ್ತು ಅಡಿ ಎತ್ತರ ಸಿಕ್ಕರೂ ಜೊಂಡಿನೊಳಗೆ ಕಣ್ಣು ಇಳಿಯುತ್ತದೆ. ಮರವೇ ಇಲ್ಲದಿದ್ದರೆ ವಿಲೋ ಪೊದೆಗೆ ಬೆನ್ನು ಕೊಟ್ಟು ಪುಟ್ಟ ಸ್ಟೂಲ್ ಮೇಲೆ ಕೂತರೂ ಆದೀತು. ಸರ್ಕಾರಿ ಜಾಗದಲ್ಲಿ ಕೊಂಬೆ ಕಡಿಯುವಂತಿಲ್ಲ, ಮರಕ್ಕೆ ಮೊಳೆ ಹೊಡೆಯುವಂತಿಲ್ಲ. ಅಟ್ಟಣಿಗೆಯನ್ನು ಅದೇ ದಿನ ಬಿಚ್ಚಿ ತರಬೇಕಾದ ಕಡೆಗಳೂ ಬಹಳ.

ನೆಲ ಬಿಟ್ಟ ಗಳಿಗೆಯಿಂದ ಮತ್ತೆ ನೆಲ ಮುಟ್ಟುವವರೆಗೆ ಬೀಳದಂತೆ ತಡೆಯುವ ಸುರಕ್ಷತಾ ಪಟ್ಟಿ (ಹಾರ್ನೆಸ್) ಮೈಗೆ ಕಟ್ಟಿರಲೇಬೇಕು. ಜವುಗಿನ ಮರಗಳ ಬೇರು ಆಳಕ್ಕೆ ಹೋಗಿರುವುದಿಲ್ಲ, ಒಣಗಿ ನಿಂತವೂ ಬಹಳ. ಹತ್ತುವ ಮೊದಲು ತಳ್ಳಿ ನೋಡಿ. ಬಿಲ್ಲನ್ನಾಗಲಿ ಖಾಲಿ ಮಾಡಿದ ಕೋವಿಯನ್ನಾಗಲಿ ಹಗ್ಗದಿಂದ ಮೇಲಕ್ಕೆ ಎಳೆದುಕೊಳ್ಳಿ, ಹಿಡಿದು ಹತ್ತಬೇಡಿ.

ಹಂತ 8: ಯಾವ ದಿನ

ಒಂದು ಹಾಸಿನ ಮೇಲೆ ಮೊದಲ ಸಲ ಕೂತಾಗ ಇರುವ ಅವಕಾಶ ಎರಡನೇ ಸಲ ಇರುವುದಿಲ್ಲ. ನೀವು ಹೋದ ಮೇಲೂ ವಾಸನೆ ಉಳಿದಿರುತ್ತದೆ, ಬಕ್ ರಾತ್ರಿ ಬಂದು ಮೂಸಿ ತಿಳಿದುಕೊಳ್ಳುತ್ತದೆ. ಆದ್ದರಿಂದ ಮಾರ್ಚ್‌ನಲ್ಲಿ ಹತ್ತಾರು ಹಾಸು ಗುರುತು ಮಾಡಿಟ್ಟು, ಗಾಳಿ ಮತ್ತು ನೀರು ಎರಡೂ ಕೂಡಿಬಂದ ದಿನ ಮಾತ್ರ ಒಂದೊಂದಕ್ಕೆ ಹೋಗಿ. ಮನಸ್ಸು ತಡೆಯದಿದ್ದರೆ ದೂರದ ಮರದಲ್ಲಿ ಕೂತು ಸುಮ್ನೆ ನೋಡಿ ಬನ್ನಿ.

ಸೆಪ್ಟೆಂಬರ್‌ನಲ್ಲಿ ಸೀಸನ್ ಶುರುವಾದ ಮೊದಲ ದಿನಗಳಲ್ಲಿ ಬಕ್ ಬೇಸಿಗೆಯ ಅಭ್ಯಾಸದಲ್ಲೇ ಇರುತ್ತದೆ. ಅಕ್ಟೋಬರ್ ಕೊನೆಯಲ್ಲಿ ಉತ್ತರದ ತಂಪು ಗಾಳಿ ಬಂದು ಹವೆ ದಿಢೀರನೆ ಇಳಿದ ಸಂಜೆ ನನಗೆ ಎಲ್ಲಕ್ಕಿಂತ ಇಷ್ಟ. ಬಕ್ ಬೇಗ ಏಳುತ್ತದೆ, ಇನ್ನೂ ತನ್ನ ಜಾಗ ಬಿಟ್ಟಿರುವುದಿಲ್ಲ.

ನವೆಂಬರ್ ಮೊದಲ ಎರಡು ವಾರ ಬೆದೆಯ ಕಾಲ. ಆಗ ಬಕ್‌ನ ಹಾಸು ಬಿಟ್ಟು ಹೆಣ್ಣುಗಳು ಮಲಗುವ ದಿಬ್ಬಕ್ಕೆ ಹೋಗಿ, ಗಾಳಿ ಹೋಗುವ ಬದಿಯಲ್ಲಿ ಇಡೀ ದಿನ ಕೂರಿ. ಬಕ್‌ಗಳು ದಿಬ್ಬದೊಳಗೆ ಹೋಗದೆ ಆ ಅಂಚಿನಲ್ಲೇ ಮೂಸುತ್ತಾ ಸಾಗುತ್ತವೆ. ಮಧ್ಯಾಹ್ನ ಹನ್ನೊಂದರಿಂದ ಎರಡರವರೆಗೆ ಎಲ್ಲರೂ ಊಟಕ್ಕೆ ಹೋದಾಗ ನೀವು ಅಲ್ಲೇ ಇರಿ.

ಕೋವಿ ಸೀಸನ್‌ನಲ್ಲಿ ಹೊರಗಿನ ಗದ್ದಲವೇ ನಿಮ್ಮ ಪರವಾಗಿ ಜಿಂಕೆಗಳನ್ನು ಸೋವುತ್ತದೆ. ಬೆಳಕಾಗುವ ಬಹಳ ಮೊದಲೇ ಒಳಗಿನ ದಿಬ್ಬ ಸೇರಿಕೊಳ್ಳಿ. ಮೊದಲ ಈಡು ಕೇಳಿಸಿದ ಮೇಲೆ ಜಿಂಕೆಗಳು ಜೊಂಡಿಗೆ ನುಗ್ಗುತ್ತವೆ. ಬಾತು ಬೇಟೆಗಾರರ ದೋಣಿ ಎಲ್ಲೆಲ್ಲಿ ಓಡಾಡುತ್ತದೆ ಎಂದೂ ತಿಳಿದುಕೊಳ್ಳಿ. ಬಕ್ ಆ ದಾರಿಗಳನ್ನು ಬಿಟ್ಟು ಮಲಗಿರುತ್ತದೆ.

ಹಂತ 9: ಬಾಣ, ಗುಂಡು

ಬಿಲ್ಲಿನಲ್ಲಿ ನೀವು ದಿನವೂ ಗುರಿ ಮುಟ್ಟುವ ದೂರವೇ ನಿಮ್ಮ ಮಿತಿ. ಹೆಚ್ಚಿನವರಿಗೆ ಅದು ಇಪ್ಪತ್ತರಿಂದ ಮೂವತ್ತು ಗಜ. ಜಿಂಕೆ ಪಕ್ಕಕ್ಕೆ ತಿರುಗಿ ನಿಂತಾಗ, ಇಲ್ಲವೇ ಸ್ವಲ್ಪ ಆಚೆ ಮುಖ ಮಾಡಿದಾಗ ಮಾತ್ರ ಬಿಡಿ. ಬಾಣ ಹೃದಯಕ್ಕೆ ಮತ್ತು ಶ್ವಾಸಕೋಶಕ್ಕೆ ಬೀಳಬೇಕು. ನಡುವೆ ಒಂದು ಜೊಂಡಿನ ಕಡ್ಡಿ ಅಡ್ಡ ಬಂದರೂ ಬಾಣ ದಾರಿ ತಪ್ಪಬಹುದು. ಎದುರಿಗೆ ನಿಂತ ಜಿಂಕೆಗೆ ಬಾಣ ಬಿಡಬೇಡಿ, ಅದು ತಿರುಗುವವರೆಗೆ ಕಾಯಿರಿ, ತಿರುಗದೆ ಹೋದರೆ ಹೋಗಲಿ ಬಿಡಿ. ಗಾಯಗೊಂಡ ಜಿಂಕೆ ಜವುಗಿನಲ್ಲಿ ಕಳೆದುಹೋದರೆ ಅದು ನರಳಿ ಸಾಯುತ್ತದೆ, ಆ ಹೊಣೆ ನಮ್ಮದೇ.

ಕೋವಿಯವರಿಗೆ ಒಂದು ಮಾತು. ಸಪಾಟಾದ ಜವುಗಿನಲ್ಲಿ ಗುಂಡನ್ನು ತಡೆಯುವ ಗುಡ್ಡ ಇರುವುದಿಲ್ಲ. ಗುರಿ ತಪ್ಪಿದ ರೈಫಲ್ ಗುಂಡು ಮೈಲಿಗಟ್ಟಲೆ ಹೋಗಬಲ್ಲದು, ಜೊಂಡಿನ ಆಚೆ ಯಾರಿದ್ದಾರೆ ಎಂಬುದು ನಿಮಗೆ ಕಾಣುವುದಿಲ್ಲ. ಎತ್ತರದಿಂದ ಕೆಳಮುಖವಾಗಿ ಹೊಡೆದರೆ ಗುಂಡು ಕೆಸರಿಗೆ ಹೋಗುತ್ತದೆ. ಅದಕ್ಕಾಗಿಯಾದರೂ ಮರದ ಮೇಲೆ ಕೂರಿ. ಸದ್ದು ಕೇಳಿ, ಜೊಂಡು ಅಲುಗಿದ್ದು ನೋಡಿ ಯಾವತ್ತೂ ಹೊಡೆಯಬೇಡಿ.

ಹಂತ 10: ಹುಡುಕುವುದು, ಹೊರತರುವುದು

ಬಾಣ ಬಿಟ್ಟ ಕೂಡಲೇ ಇಳಿಯಬೇಡಿ. ಕೊನೆಯ ಸಲ ಕಂಡ ಜಾಗದ ದಿಕ್ಕನ್ನು ದಿಕ್ಸೂಚಿಯಲ್ಲಿ ನೋಡಿ ಬರೆದುಕೊಳ್ಳಿ. ಕೆಳಗಿಳಿದರೆ ಎಲ್ಲ ಜೊಂಡೂ ಒಂದೇ ಥರ ಕಾಣುತ್ತದೆ. ಜೊಂಡಿನ ತುದಿ ಎಲ್ಲಿಯವರೆಗೆ ಅಲುಗಿತು, ನೀರಿನ ಸದ್ದು ಎಲ್ಲಿ ನಿಂತಿತು ಎಂದು ಕಿವಿಗೊಡಿ.

ಬಾಣದ ಮೇಲಿನ ರಕ್ತ ಮುಂದಿನದನ್ನು ಹೇಳುತ್ತದೆ. ಗುಳ್ಳೆಗಳಿರುವ ತಿಳಿಗೆಂಪು ಆದರೆ ಶ್ವಾಸಕೋಶ, ಅರ್ಧ ಗಂಟೆ ಕಾದರೆ ಸಾಕು. ಕಡುಗೆಂಪು ಆದರೆ ಲಿವರ್, ನಾಲ್ಕರಿಂದ ಆರು ಗಂಟೆ ಬಿಡಿ. ಹಸಿರು ಅಂಟು, ಕೆಟ್ಟ ವಾಸನೆ ಇದ್ದರೆ ಹೊಟ್ಟೆಗೆ ಬಿದ್ದಿದೆ, ಎಂಟರಿಂದ ಹನ್ನೆರಡು ಗಂಟೆ ಕಾಯಬೇಕು. ಬೇಗ ಹೋಗಿ ಎಬ್ಬಿಸಿದರೆ ಅದು ನೀರು ದಾಟಿ ಹೋಗುತ್ತದೆ.

ನೀರಿನ ಮೇಲೆ ರಕ್ತ ಉಳಿಯುವುದಿಲ್ಲ. ನೆಲ ನೋಡಬೇಡಿ, ಮೊಣಕಾಲಿನಿಂದ ತೊಡೆಯ ಎತ್ತರದಲ್ಲಿ ಜೊಂಡಿನ ಕಡ್ಡಿಗಳ ಎರಡೂ ಬದಿ ನೋಡಿ, ಒರೆಸಿದ ರಕ್ತ ಅಲ್ಲಿರುತ್ತದೆ. ಕಲಕಿದ ನೀರಿನ ಗೆರೆಯೂ ಜಾಡು. ಕಾಲುವೆ ಅಡ್ಡ ಬಂದರೆ ಆಚೆ ದಡದಲ್ಲಿ ಹತ್ತಿದ ಗುರುತು ಹುಡುಕಿ. ನೀರಿನಲ್ಲೇ ಸತ್ತಿದ್ದರೆ ಮುಳುಗುವುದಿಲ್ಲ, ವೈಟ್‌ಟೇಲ್‌ನ ಚಳಿಗಾಲದ ಕೂದಲು ಟೊಳ್ಳು, ತೇಲುತ್ತದೆ. ಜಾಡು ತಪ್ಪಿದರೆ ಹಗ್ಗ ಕಟ್ಟಿದ ಜಾಡುನಾಯಿ ತರುವವರನ್ನು ಕರೆಸಿ, ಕೆಸರು ತುಳಿದು ಹಾಳುಮಾಡುವ ಮೊದಲೇ.

ಕರುಳು ತೆಗೆದ ಮೇಲೂ ದೊಡ್ಡ ಬಕ್ ಎಪ್ಪತ್ತು ಎಂಬತ್ತು ಕಿಲೋ ತೂಗುತ್ತದೆ. ಚಕ್ರದ ಗಾಡಿ ಕೆಸರಿನಲ್ಲಿ ಹೂತುಹೋಗುತ್ತದೆ. ಕನೂ ಅಥವಾ ಪ್ಲಾಸ್ಟಿಕ್ ಸ್ಲೆಡ್ ಬೇಕು, ಇನ್ನೊಬ್ಬರ ಸಹಾಯವೂ ಬೇಕು. ಒಳಗೆ ಹೋಗುವ ಮುಂಚೆಯೇ ಹೊರತರುವ ದಾರಿ ಗೊತ್ತಿಲ್ಲದಿದ್ದರೆ ಆ ಜಾಗಕ್ಕೆ ಹೋಗಲೇಬೇಡಿ. ವಿಸ್ಕಾನ್ಸಿನ್‌ನಲ್ಲಿ ಜಿಂಕೆ ಸಿಕ್ಕ ಮಾರನೇ ದಿನ ಸಂಜೆ ಐದರೊಳಗೆ ಅದನ್ನು ನೋಂದಾಯಿಸಬೇಕು, ಆನ್‌ಲೈನ್‌ನಲ್ಲೂ ಆಗುತ್ತದೆ.

ಮಾಂಸ

ಕರುಳು ತೆಗೆಯುವಾಗ ಕೈಗವಸು ಹಾಕಿ. ಹೊಟ್ಟೆಯ ಚೀಲ, ಮೂತ್ರಕೋಶ ಒಡೆಯದಂತೆ ಚರ್ಮದಡಿ ಎರಡು ಬೆರಳಿಟ್ಟು ಚಾಕುವಿನ ಅಲಗು ಮೇಲ್ಮುಖವಾಗಿರುವಂತೆ ಕೊಯ್ಯಿರಿ. ಮೈ ಬಿಸಿ ಬೇಗ ಹೊರಹೋಗಬೇಕು. ಸೆಪ್ಟೆಂಬರ್‌ನ ಸೆಕೆಯಲ್ಲಿ ಮಂಜುಗಡ್ಡೆಯ ಚೀಲಗಳನ್ನು ಒಳಗೆ ತುಂಬಿ ತನ್ನಿ. ಜವುಗಿನ ಕೊಳಕು ನೀರಿನಿಂದ ತೊಳೆಯಬೇಡಿ, ಬಟ್ಟೆಯಿಂದ ಒರೆಸಿ.

ಸಿಡಬ್ಲ್ಯುಡಿ ಎಂಬ ಜಿಂಕೆ ರೋಗ ವಿಸ್ಕಾನ್ಸಿನ್‌ನಲ್ಲಿ 2002ರಲ್ಲಿ ಪತ್ತೆಯಾಯಿತು, ಈಗ ರಾಜ್ಯದ ಬಹಳಷ್ಟು ಕಡೆ ಇದೆ. ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನ್‌ನಿಂದ ಬರುವ ರೋಗ ಅದು. ಜಿಂಕೆ ನೋಡಲು ಗಟ್ಟಿಮುಟ್ಟಾಗಿದ್ದರೂ ರೋಗ ಇರಬಹುದು. ಕುಕ್ಕರ್‌ನಲ್ಲಿ ಎಷ್ಟು ಬೇಯಿಸಿದರೂ ಪ್ರಿಯಾನ್ ನಾಶವಾಗುವುದಿಲ್ಲ. ರೋಗ ಇರುವ ಜಿಂಕೆಯ ಮಾಂಸ ತಿನ್ನಬೇಡಿ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುತ್ತದೆ. ರಾಜ್ಯದ ಇಲಾಖೆ ಪರೀಕ್ಷೆಯನ್ನು ಉಚಿತವಾಗಿ ಮಾಡಿಕೊಡುತ್ತದೆ. ತಲೆಯನ್ನು ಕುತ್ತಿಗೆಯ ಕೆಲವು ಇಂಚಿನ ಸಮೇತ ಮಾದರಿ ಪೆಟ್ಟಿಗೆಗೆ ಹಾಕಿ ಬರಬೇಕು. ಮಾಂಸ ಬಿಡಿಸುವಾಗ ಬೆನ್ನುಹುರಿ ಕಡಿಯಬೇಡಿ, ಮೂಳೆಯಿಂದ ಮಾಂಸವನ್ನಷ್ಟೇ ಬಿಡಿಸಿ.

ವೆನಿಸನ್, ಅಂದರೆ ಜಿಂಕೆ ಮಾಂಸದಲ್ಲಿ ಕೊಬ್ಬು ಕಡಿಮೆ. ಬೆನ್ನಿನ ಉದ್ದ ತುಂಡನ್ನು ಜಾಸ್ತಿ ಬೇಯಿಸಿದರೆ ಮರದ ಚಕ್ಕೆಯಂತೆ ಗಟ್ಟಿಯಾಗುತ್ತದೆ, ಕಾಳುಮೆಣಸು ಹಾಕಿ ಬೇಗ ಹುರಿದು ಇಳಿಸಿ. ತೊಡೆ, ಭುಜದ ಮಾಂಸ ನಿಧಾನ ಉರಿಯಲ್ಲಿ ಬೇಯಲಿ, ಕೊಡಗಿನ ಕಾಚಂಪುಳಿ ಮನೆಯಲ್ಲಿದ್ದರೆ ಕೊನೆಗೆ ಒಂದು ಚಮಚ ಹಾಕಿ. ಫ್ರೀಜರ್‌ಗೆ ಇಡುವ ಪ್ರತಿ ಪೊಟ್ಟಣದ ಮೇಲೂ ದಿನಾಂಕ ಮತ್ತು ಪರೀಕ್ಷೆಯ ಮಾದರಿ ಸಂಖ್ಯೆ ಬರೆಯಿರಿ. ಎರಡು ಜಿಂಕೆಗಳ ಮಾಂಸ ಬೆರೆಸಬೇಡಿ. ಫಲಿತಾಂಶ ಬರುವವರೆಗೆ ನೀವೂ ತಿನ್ನಬೇಡಿ, ನೆಂಟರಿಗೂ ಗೆಳೆಯರಿಗೂ ಹಂಚಬೇಡಿ.